ಕ್ಯಾಬಿನೆಟ್ ಫ್ಯಾನ್ ಆರಿಸುವುದು ಹೇಗೆ: ಗಾಳಿ ಸಾಕಷ್ಟು, ಸದ್ದು ಕಡಿಮೆ

ಕೆಲವು ವರ್ಷಗಳ ಹಿಂದೆ ಕಂಪ್ಯೂಟರ್ ಕ್ಯಾಬಿನೆಟ್‌ಗೆ ಒಂದು ಫ್ಯಾನ್ ಕೊಂಡಿದ್ದೆ. ಡಬ್ಬದ ಮೇಲೆ ಗಾಳಿಯ ಅಂಕಿ ದೊಡ್ಡದಾಗಿ ಅಚ್ಚಾಗಿತ್ತು. ಇಷ್ಟು ಗಾಳಿ ಬಂದರೆ ಸಾಕು ಅಂದುಕೊಂಡು ತಂದು ಹಾಕಿದೆ. ಗಾಳಿಯೇನೋ ಬಂತು. ಅದರ ಜೊತೆ ಬಂದ ಸದ್ದಿನಲ್ಲಿ ಹತ್ತು ನಿಮಿಷ ಕೂತು ಓದಲು ಆಗಲಿಲ್ಲ. ವೇಗ ಇಳಿಸಿದೆ. ಗಾಳಿಯ ಸದ್ದು ತಗ್ಗಿತು, ಅದರ ಹಿಂದೆ ಅಡಗಿದ್ದ ಬೇರಿಂಗ್‌ನ ಟಿಕ್ ಟಿಕ್ ಕೇಳತೊಡಗಿತು. ಆ ಟಿಕ್ ಟಿಕ್ ಏನು ಮಾಡಿದರೂ ಹೋಗಲಿಲ್ಲ. ಕೊನೆಗೆ ಫ್ಯಾನನ್ನೇ ತೆಗೆದಿಟ್ಟೆ.

ಆಮೇಲೆ ಫ್ಯಾನ್ ಕೊಳ್ಳುವಾಗೆಲ್ಲ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ದಿನಾ ನಾನು ಓಡಿಸುವ ವೇಗದಲ್ಲಿ ಈ ಫ್ಯಾನ್ ಹೇಗಿರುತ್ತದೆ? ಡಬ್ಬದ ಮೇಲಿನ ಅಂಕಿಗಳೆಲ್ಲ ಪೂರ್ತಿ ವೇಗದಲ್ಲಿ ಅಳೆದವು. ಪೂರ್ತಿ ವೇಗದಲ್ಲಿ ನಾವು ಫ್ಯಾನ್ ಓಡಿಸುವುದು ಅಪರೂಪ. ಈ ಲೇಖನದ ಪ್ರತಿ ಹೆಜ್ಜೆಯೂ ಆ ಪ್ರಶ್ನೆಗೆ ಉತ್ತರ ಹುಡುಕಲು.

1. ಮೊದಲು, ಫ್ಯಾನ್ ಬೇಕಾ ನೋಡಿ

ಕಂಪ್ಯೂಟರ್ ಬಿಸಿಯಾಗುತ್ತಿದೆ ಅಂದ ಕೂಡಲೇ ಫ್ಯಾನ್ ತರಬೇಡಿ. ಪ್ರೊಸೆಸರ್ ಕೂಲರ್ ಸರಿಯಾಗಿ ಕೂತಿಲ್ಲದಿದ್ದರೆ, ಅದರ ಮತ್ತು ಪ್ರೊಸೆಸರ್‌ನ ನಡುವೆ ಹಚ್ಚಿದ ಪೇಸ್ಟ್ ಒಣಗಿದ್ದರೆ, ಕ್ಯಾಬಿನೆಟ್‌ಗೆ ಎಷ್ಟು ಫ್ಯಾನ್ ಹಾಕಿದರೂ ಉಪಯೋಗ ಇಲ್ಲ. ಇದನ್ನು ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ.

ಗೇಮ್ ಆಗಲಿ, ವಿಡಿಯೊ ರೆಂಡರ್ ಆಗಲಿ, ಕಂಪ್ಯೂಟರ್‌ಗೆ ಭಾರ ಬೀಳುವ ಕೆಲಸ ಒಂದನ್ನು ಅರ್ಧ ಗಂಟೆ ಓಡಿಸಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ನ ಉಷ್ಣತೆ ಬರೆದುಕೊಳ್ಳಿ. ಕೋಣೆಯ ಉಷ್ಣತೆಯನ್ನೂ ಬರೆದುಕೊಳ್ಳಿ, ಅದು ಬದಲಾದರೆ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಬದಲಾಗುತ್ತದೆ. ಈಗ ಪಕ್ಕದ ಬಾಗಿಲು ತೆಗೆದು ಅದೇ ಕೆಲಸವನ್ನು ಇನ್ನೊಮ್ಮೆ ಓಡಿಸಿ. ಉಷ್ಣತೆ ಒಂದೆರಡು ಡಿಗ್ರಿ ಮಾತ್ರ ಇಳಿದರೆ ನಿಮ್ಮ ಕ್ಯಾಬಿನೆಟ್ ಚೆನ್ನಾಗಿಯೇ ಉಸಿರಾಡುತ್ತಿದೆ. ತೊಂದರೆ ಕೂಲರ್‌ನಲ್ಲಿದೆ. ಏಳೆಂಟು ಡಿಗ್ರಿ ಇಳಿದರೆ ಒಳಗೆ ಬಿಸಿ ಗಾಳಿ ನಿಂತಿದೆ ಅಂತ ಅರ್ಥ.

ಅಲ್ಲಿಗೇ ನಿಲ್ಲಿಸಬೇಡಿ. ಪಕ್ಕದ ಬಾಗಿಲು ಮುಚ್ಚಿ, ಈ ಸಲ ಮುಂದಿನ ಮುಚ್ಚಳ ಮಾತ್ರ ತೆಗೆದು ನೋಡಿ. ಆಗಲೂ ಉಷ್ಣತೆ ಚೆನ್ನಾಗಿ ಇಳಿದರೆ ನಿಮ್ಮ ಫ್ಯಾನ್‌ಗಳಿಗೆ ಗಾಳಿ ಸಿಗುತ್ತಿಲ್ಲ. ಮುಂದೆ ಗಾಜು ಅಥವಾ ಮುಚ್ಚಿದ ಪ್ಲಾಸ್ಟಿಕ್ ಇರುವ ಕ್ಯಾಬಿನೆಟ್‌ಗಳಲ್ಲಿ ಇದು ತುಂಬ ಸಾಮಾನ್ಯ. ಫಿಲ್ಟರ್‌ನಲ್ಲಿ ಧೂಳು ಕಟ್ಟಿದ್ದರೂ ಹೀಗೇ ಆಗುತ್ತದೆ. ಎಷ್ಟೋ ಸಲ ಫಿಲ್ಟರ್ ತೊಳೆದು ಒಣಗಿಸಿ ಹಾಕಿದರೆ ಹೊಸ ಫ್ಯಾನ್ ಬೇಕಾಗುವುದೇ ಇಲ್ಲ.

2. ಅಳತೆ ತೆಗೆದುಕೊಳ್ಳಿ

ಈಗಿನ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಾಗಿ ಬರುವುದು 120 ಮತ್ತು 140 ಮಿ.ಮೀ. ಫ್ಯಾನ್. ಹಳೆಯ ಅಥವಾ ಪುಟ್ಟ ಕ್ಯಾಬಿನೆಟ್‌ನಲ್ಲಿ 80 ಅಥವಾ 92 ಇರಬಹುದು. ಈ ಅಂಕಿ ಚೌಕಟ್ಟಿನ ಅಗಲ. ಸ್ಕ್ರೂ ತೂತಿನಿಂದ ತೂತಿಗೆ ಅಳೆದರೆ ಬೇರೆ ಅಂಕಿ ಬರುತ್ತದೆ: 80ಕ್ಕೆ 71.5, 92ಕ್ಕೆ 82.5, 120ಕ್ಕೆ 105, 140ಕ್ಕೆ 124.5 ಮಿ.ಮೀ. ಸ್ಕೇಲ್ ಹಿಡಿದು ತೂತುಗಳ ನಡುವೆ 105 ಬಂತೆಂದು 100ರ ಫ್ಯಾನ್ ಹುಡುಕಲು ಹೋಗಬೇಡಿ, ಅದು 120ರ ಜಾಗ.

ದಪ್ಪ ಸಾಮಾನ್ಯವಾಗಿ 25 ಮಿ.ಮೀ. ಇಕ್ಕಟ್ಟಿನ ಜಾಗಕ್ಕೆ 15 ಮಿ.ಮೀ. ತೆಳು ಫ್ಯಾನ್‌ಗಳೂ ಸಿಗುತ್ತವೆ. ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಅವನ್ನು ತೆಗೆದುಕೊಳ್ಳಿ. ಅಷ್ಟೇ ಗಾಳಿ ತಳ್ಳಲು ಅವು ಜಾಸ್ತಿ ವೇಗವಾಗಿ ತಿರುಗಬೇಕು, ಸದ್ದೂ ಜಾಸ್ತಿ. ಮೇಲ್ಭಾಗದಲ್ಲಿ ಹಾಕುವುದಾದರೆ ಮೆಮೊರಿ ಸ್ಟಿಕ್‌ಗೆ ತಾಗುತ್ತದಾ ನೋಡಿ. ಮುಂದೆ ಹಾಕುವುದಾದರೆ ಗ್ರಾಫಿಕ್ಸ್ ಕಾರ್ಡ್‌ನ ತುದಿಗೆ ಎಷ್ಟು ಜಾಗ ಉಳಿಯುತ್ತದೆ ನೋಡಿ.

ಎರಡು ಅಳತೆಗೂ ಜಾಗ ಇದ್ದರೆ 140 ತೆಗೆದುಕೊಳ್ಳಿ. 120ಕ್ಕೆ ಹೋಲಿಸಿದರೆ ಅದರ ಬಾಯಿ ಸುಮಾರು ಮೂರನೇ ಒಂದು ಭಾಗದಷ್ಟು ದೊಡ್ಡದು. ಅದೇ ಗಾಳಿಯನ್ನು ನಿಧಾನವಾಗಿ ತಿರುಗಿಯೇ ಕೊಡುತ್ತದೆ. ಆದರೆ ಮೂರು 120 ಹಿಡಿಯುವ ಜಾಗದಲ್ಲಿ ಎರಡು 140 ಮಾತ್ರ ಕೂರುವುದಾದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯುವುದಿಲ್ಲ. ಆಗ ಯಾವ ಫ್ಯಾನ್ ಚೆನ್ನಾಗಿದೆಯೋ ಅದನ್ನೇ ಆರಿಸಿ.

3. ನಿಮಗೆ ಎಷ್ಟು ಗಾಳಿ ಬೇಕು?

ಇದಕ್ಕೊಂದು ಸಣ್ಣ ಲೆಕ್ಕ ಇದೆ. ಕಂಪ್ಯೂಟರ್ ಎಷ್ಟು ವಿದ್ಯುತ್ ಎಳೆಯುತ್ತದೋ ಹೆಚ್ಚುಕಡಿಮೆ ಅಷ್ಟೂ ಬಿಸಿಯಾಗಿ ಹೊರಗೆ ಬರುತ್ತದೆ. ಆ ವ್ಯಾಟ್ ಅಂಕಿಯನ್ನು 1.76ರಿಂದ ಗುಣಿಸಿ. ಹೊರಹೋಗುವ ಗಾಳಿ ಕೋಣೆಯ ಗಾಳಿಗಿಂತ ಎಷ್ಟು ಡಿಗ್ರಿ ಬಿಸಿ ಇದ್ದರೆ ಪರವಾಗಿಲ್ಲವೋ ಅದರಿಂದ ಭಾಗಿಸಿ. ಬರುವ ಉತ್ತರ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಂಬ ಲೆಕ್ಕದಲ್ಲಿ.

ಗೇಮ್ ಆಡುವಾಗ ನಿಮ್ಮ ಕಂಪ್ಯೂಟರ್ 400 ವ್ಯಾಟ್ ಎಳೆಯುತ್ತದೆ ಅನ್ನಿ. ಗಾಳಿ 10 ಡಿಗ್ರಿ ಬಿಸಿಯಾದರೆ ಆದೀತು ಅನ್ನಿ. 400 ಗುಣಿಸು 1.76 ಅಂದರೆ 704. ಅದನ್ನು 10ರಿಂದ ಭಾಗಿಸಿದರೆ ಸುಮಾರು 70 ಸಿಎಫ್‌ಎಂ. ಅಷ್ಟು ಗಾಳಿ ಕ್ಯಾಬಿನೆಟ್ ಮೂಲಕ ನಿಜವಾಗಿ ಹಾದುಹೋಗಬೇಕು. ಕೆಲವು ಕಂಪನಿಗಳು ಗಂಟೆಗೆ ಘನ ಮೀಟರ್ ಲೆಕ್ಕದಲ್ಲಿ ಅಂಕಿ ಕೊಡುತ್ತವೆ. ಅದನ್ನು 1.7ರಿಂದ ಭಾಗಿಸಿದರೆ ಸಿಎಫ್‌ಎಂ ಸಿಗುತ್ತದೆ.

60 ಸಿಎಫ್‌ಎಂ ಎಂದು ಬರೆದಿರುವ ಎರಡು ಫ್ಯಾನ್ ಹಾಕಿದರೆ 120 ಬಂತು, ಬೇಕಾದಷ್ಟಾಯಿತು ಅನ್ನಿಸುತ್ತದೆ, ಅಲ್ವಾ? ಅಲ್ಲೇ ಹೆಚ್ಚಿನವರು ಎಡವುವುದು. ಮುಂದಿನ ಹೆಜ್ಜೆ ಅದರ ಬಗ್ಗೆ.

4. ಡಬ್ಬದ ಮೇಲಿನ ಗಾಳಿಯ ಅಂಕಿ, ಒತ್ತಡದ ಅಂಕಿ

ಡಬ್ಬದ ಮೇಲಿನ ಸಿಎಫ್‌ಎಂ ಅಳೆಯುವಾಗ ಫ್ಯಾನ್‌ನ ಮುಂದೆ ಹಿಂದೆ ಏನೂ ಅಡ್ಡ ಇರುವುದಿಲ್ಲ. ಜಾಲರಿ ಇಲ್ಲ, ಫಿಲ್ಟರ್ ಇಲ್ಲ, ವೈರ್‌ಗಳ ಗೊಂಚಲಿಲ್ಲ. ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಸ್ಟ್ಯಾಟಿಕ್ ಪ್ರೆಶರ್. ಅದನ್ನು ನೀರಿನ ಎತ್ತರದ ಮಿಲಿಮೀಟರ್‌ನಲ್ಲಿ ಬರೆಯುತ್ತಾರೆ. ಅದನ್ನು ಅಳೆಯುವಾಗ ಗಾಳಿಯ ದಾರಿ ಪೂರ್ತಿ ಮುಚ್ಚಿರುತ್ತದೆ. ಒಂದರಲ್ಲಿ ಅಡ್ಡಿಯೇ ಇಲ್ಲ, ಇನ್ನೊಂದರಲ್ಲಿ ಗಾಳಿಯೇ ಇಲ್ಲ. ನಿಮ್ಮ ಕ್ಯಾಬಿನೆಟ್ ಇವೆರಡರ ನಡುವೆ ಎಲ್ಲೋ ಇದೆ.

ಹಾಗಾಗಿ ಒಂದೇ ಅಂಕಿ ನೋಡಿ ಕೊಳ್ಳಬಾರದು. ಮುಂದೆ ಒತ್ತಾದ ಜಾಲರಿ, ಧೂಳಿನ ಫಿಲ್ಟರ್ ಇದ್ದರೆ ಅಥವಾ ಫ್ಯಾನ್ ನೀರಿನ ಕೂಲರ್‌ನ ರೇಡಿಯೇಟರ್ ಮೂಲಕ ಗಾಳಿ ತಳ್ಳಬೇಕಿದ್ದರೆ ಒತ್ತಡದ ಅಂಕಿ ಮುಖ್ಯ. 120ರ ಫ್ಯಾನ್‌ನಲ್ಲಿ ಅದು 2 ಮಿ.ಮೀ. ಆಸುಪಾಸು ಅಥವಾ ಮೇಲೆ ಇದ್ದರೆ ಒಳ್ಳೆಯದು. ಹಿಂದುಗಡೆ ಬಿಸಿ ಗಾಳಿ ಹೊರಹಾಕುವ ಫ್ಯಾನ್‌ಗೆ ಎದುರು ಅಡ್ಡಿ ಕಡಿಮೆ, ಅಲ್ಲಿ ಒತ್ತಡ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ.

ಕಣ್ಣಲ್ಲೇ ಗುರುತಿಸಬಹುದು ಕೂಡ. ಒತ್ತಡಕ್ಕೆ ಮಾಡಿದ ಫ್ಯಾನ್‌ನಲ್ಲಿ ರೆಕ್ಕೆಗಳು ಅಗಲವಾಗಿರುತ್ತವೆ, ನಡುವೆ ಸಂದು ಕಡಿಮೆ, ರೆಕ್ಕೆಯ ತುದಿ ಚೌಕಟ್ಟಿಗೆ ಹತ್ತಿರ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎನ್‌ಎಫ್-ಎ12×25 ಎಂಬ ಫ್ಯಾನ್‌ನಲ್ಲಿ ಆ ತುದಿಯ ಸಂದು ಬರೀ ಅರ್ಧ ಮಿಲಿಮೀಟರ್. 2000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2000 ಸುತ್ತು ತಿರುಗುವಾಗ, ಅದು ಕೊಡುವುದು ಗಂಟೆಗೆ 102 ಘನ ಮೀಟರ್, ಅಂದರೆ 60 ಸಿಎಫ್‌ಎಂ. ಒತ್ತಡ 2.34 ಮಿ.ಮೀ. ಗಾಳಿಯ ಅಂಕಿ ನೋಡಿದರೆ ಬೆರಗಾಗುವಂಥದ್ದೇನೂ ಇಲ್ಲ. ಅಡ್ಡಿ ಬಂದಾಗಲೂ ಆ ಗಾಳಿ ಸುಲಭಕ್ಕೆ ಕುಸಿಯುವುದಿಲ್ಲ ಎನ್ನುವುದೇ ಅದರ ಬೆಲೆಯ ಹಿಂದಿನ ಗುಟ್ಟು. ಇದನ್ನೇ ಕೊಳ್ಳಿ ಅಂತಲ್ಲ. ಇದಕ್ಕಿಂತ ಎಷ್ಟೋ ಅಗ್ಗದ, ಒಳ್ಳೆಯ ಫ್ಯಾನ್‌ಗಳಿವೆ. ಅಂಕಿಗಳನ್ನು ಜೊತೆಯಾಗಿ ಓದುವುದು ಹೇಗೆ ಅಂತ ತೋರಿಸಲು ಹೇಳಿದೆ.

ಕಂಪನಿಯವರು ಗಾಳಿ ಮತ್ತು ಒತ್ತಡದ ಗೆರೆಚಿತ್ರ ಕೊಟ್ಟಿದ್ದರೆ ಅದನ್ನು ತಪ್ಪದೆ ನೋಡಿ. ಅಡ್ಡಿ ಹೆಚ್ಚಾದಂತೆ ಗಾಳಿ ಹೇಗೆ ಇಳಿಯುತ್ತದೆ ಅನ್ನುವುದು ಅದರಲ್ಲಿ ಕಾಣುತ್ತದೆ. ಗೆರೆ ನಡುವೆ ಎಲ್ಲಾದರೂ ಗುಂಡಿ ಬಿದ್ದಂತೆ ತಗ್ಗಿದ್ದರೆ ಆ ಜಾಗದಲ್ಲಿ ಫ್ಯಾನ್ ತಡವರಿಸುತ್ತದೆ, ಸದ್ದೂ ಒರಟಾಗುತ್ತದೆ.

5. ಸದ್ದು

ನನಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಉಷ್ಣತೆ ಎರಡು ಡಿಗ್ರಿ ಜಾಸ್ತಿ ಇದ್ದರೆ ನಮಗೆ ಗೊತ್ತೂ ಆಗುವುದಿಲ್ಲ. ಸದ್ದು ಮಾತ್ರ ದಿನವಿಡೀ ಕಿವಿಯಲ್ಲಿ ಇರುತ್ತದೆ.

ವೇಗಕ್ಕೂ ಗಾಳಿಗೂ ಸದ್ದಿಗೂ ಇರುವ ಸಂಬಂಧ ತಿಳಿದರೆ ಅರ್ಧ ಕೆಲಸ ಮುಗಿದಂತೆ. ಫ್ಯಾನ್‌ನ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧ ಆಗುತ್ತದೆ. ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಸದ್ದು ಸುಮಾರು 15 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೇ ಕಿವಿಗೆ ಸದ್ದು ಅರ್ಧವಾದಂತೆ ಕೇಳುತ್ತದೆ. ಅಂದಮೇಲೆ 15 ಅಂದರೆ ಬಹಳ ದೊಡ್ಡ ಲಾಭ. ವೇಗವನ್ನು ಶೇಕಡಾ 20ರಷ್ಟು ಇಳಿಸಿದರೂ ಸುಮಾರು 5 ಡೆಸಿಬಲ್ ಇಳಿಯುತ್ತದೆ. ಅದೂ ಚೆನ್ನಾಗಿಯೇ ಗೊತ್ತಾಗುವ ವ್ಯತ್ಯಾಸ.

ಇನ್ನೊಂದು ಕಡೆ, ಒಂದೇ ತರದ ಎರಡು ಫ್ಯಾನ್ ಓಡಿದರೆ ಸದ್ದು ಹೆಚ್ಚುವುದು 3 ಡೆಸಿಬಲ್ ಮಾತ್ರ. ಎರಡನ್ನೂ ಸೇರಿಸಿ ನೋಡಿ. ಒಂದು ಫ್ಯಾನನ್ನು 1600ರಲ್ಲಿ ಓಡಿಸುವ ಬದಲು ಎರಡನ್ನು 800ರಲ್ಲಿ ಓಡಿಸಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಸುಮಾರು 12 ಡೆಸಿಬಲ್ ಕಡಿಮೆ. ಫ್ಯಾನ್ ಜಾಸ್ತಿ ಹಾಕಿದರೆ ಗದ್ದಲ ಜಾಸ್ತಿ ಅನ್ನುವ ಮಾತು ಅದಕ್ಕೇ ಸರಿಯಲ್ಲ. ಹಾಗಂತ ಎಂಟು ಹತ್ತು ಹಾಕುವುದೂ ಬೇಡ. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೋದಾಗ ಸಿಗುವ ಲಾಭ ಆಮೇಲೆ ಸಿಗುವುದಿಲ್ಲ. ಹೆಚ್ಚಿನವರಿಗೆ ಮುಂದೆ ಎರಡು, ಹಿಂದೆ ಒಂದು ಸಾಕು.

ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ ಅಂದೆನಲ್ಲ, ಅದನ್ನು ಮರೆಯಬೇಡಿ. ನಿಧಾನವಾಗಿ ಓಡುವ ಫ್ಯಾನ್‌ಗೆ ಒತ್ತಾದ ಫಿಲ್ಟರ್ ದಾಟುವ ಬಲ ಇರುವುದಿಲ್ಲ. ಸದ್ದಿಲ್ಲದ ಕಂಪ್ಯೂಟರ್ ಬೇಕಾದರೆ ಮೊದಲು ಗಾಳಿಯ ದಾರಿ ತೆರೆದಿರಬೇಕು.

ಇನ್ನು ಡಬ್ಬದ ಮೇಲಿನ ಡೆಸಿಬಲ್. ಒಂದೇ ಕಂಪನಿಯ ಎರಡು ಫ್ಯಾನ್ ಹೋಲಿಸಲು ಅದು ಆದೀತು. ಎರಡು ಕಂಪನಿಗಳ ನಡುವೆ ಹೋಲಿಸಲು ಅದನ್ನು ನಂಬಬೇಡಿ. ಎಷ್ಟು ದೂರದಿಂದ, ಎಂಥ ಕೋಣೆಯಲ್ಲಿ ಅಳೆದರು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ತರ. ಆರ್ಕ್ಟಿಕ್ ಕಂಪನಿಯಂತೂ ತನ್ನ ಪಿ12 ಫ್ಯಾನ್‌ಗೆ ಡೆಸಿಬಲ್ ಬದಲು 0.3 ಸೋನ್ ಎಂದು ಕೊಟ್ಟಿದೆ, ಅದು ಬೇರೆಯೇ ಅಳತೆ. ಸ್ವತಂತ್ರವಾಗಿ ಪರೀಕ್ಷಿಸುವವರು ಹಲವು ಫ್ಯಾನ್‌ಗಳನ್ನು ಒಂದೇ ಸದ್ದಿನ ಮಟ್ಟಕ್ಕೆ ತಂದು, ಆ ಮಟ್ಟದಲ್ಲಿ ಯಾವುದು ಎಷ್ಟು ಗಾಳಿ ಕೊಡುತ್ತದೆ ಎಂದು ತೋರಿಸುತ್ತಾರೆ. ನಾನು ನಂಬುವುದು ಆ ತರದ ಹೋಲಿಕೆಯನ್ನು.

ಇನ್ನೊಂದು ವಿಷಯ ಯಾವ ಅಂಕಿಯಲ್ಲೂ ಕಾಣುವುದಿಲ್ಲ, ಅದು ಸದ್ದಿನ ಗುಣ. ಸುಯ್ ಅನ್ನುವ ಗಾಳಿಯ ಸದ್ದನ್ನು ಕಿವಿ ಸ್ವಲ್ಪ ಹೊತ್ತಿಗೇ ಮರೆಯುತ್ತದೆ. ಗುಂಯ್ ಅನ್ನುವ ಒಂದೇ ಸ್ವರ ಎಷ್ಟು ಸಣ್ಣದಿದ್ದರೂ ಕಾಡುತ್ತದೆ. ಆ ಸ್ವರ ಎಲ್ಲಿಂದ ಬರುತ್ತದೆ ಗೊತ್ತಾ? ಪ್ರತಿ ರೆಕ್ಕೆಯೂ ಹಿಂದಿನ ಕಡ್ಡಿಯನ್ನು ದಾಟುವಾಗ ಗಾಳಿಗೆ ಒಂದು ತಟ್ಟು ಬೀಳುತ್ತದೆ. ಒಂಬತ್ತು ರೆಕ್ಕೆಯ ಫ್ಯಾನ್ 1200 ಆರ್‌ಪಿಎಂನಲ್ಲಿ ತಿರುಗಿದರೆ ಸೆಕೆಂಡಿಗೆ 20 ಸುತ್ತು, 180 ತಟ್ಟು. ಅಂದರೆ 180 ಹರ್ಟ್ಸ್‌ನ ಸ್ವರ.

ಇದು ನನಗೆ ಗೊತ್ತಾಗಿದ್ದು ಒಂದು ರಾತ್ರಿ. ಮುಂದಿನ ಎರಡು ಫ್ಯಾನ್‌ಗಳಿಗೂ ಒಂದೇ ವೇಗ ಕೊಟ್ಟಿದ್ದೆ. ಆದರೂ ವೂಂ, ವೂಂ, ವೂಂ ಅಂತ ಸದ್ದು ಏರಿಳಿಯುತ್ತಿತ್ತು. ಬಾಗಿಲು ಹಾಕಿದರೂ ಪಕ್ಕದ ಕೋಣೆಗೂ ಕೇಳುತ್ತಿತ್ತು. ಪರದೆಯಲ್ಲಿ ನೋಡಿದರೆ ಒಂದು 1200, ಇನ್ನೊಂದು 1180. ಒಂದು 180 ಹರ್ಟ್ಸ್, ಇನ್ನೊಂದು 177. ಆ ಮೂರರ ವ್ಯತ್ಯಾಸವೇ ಸೆಕೆಂಡಿಗೆ ಮೂರು ಸಲ ಏರಿಳಿಯುವ ಸದ್ದಾಗಿ ಕೇಳುತ್ತಿತ್ತು. ಒಂದನ್ನು 1050ಕ್ಕೆ ಇಳಿಸಿದೆ. ವೂಂಕಾರ ಅಲ್ಲೇ ನಿಂತಿತು. ಒಂದೇ ಮಾದರಿಯ ಎರಡು ಫ್ಯಾನ್‌ಗಳೂ ಒಂದೇ ವೇಗದಲ್ಲಿ ಓಡುವುದಿಲ್ಲ, ನೂರಕ್ಕೆ ಕೆಲವು ಪಾಲು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಹೀಗೆ ತೊಂದರೆ ಕೊಟ್ಟರೆ ವೇಗಗಳನ್ನು ದೂರ ದೂರ ಇಡಿ.

6. ಬೇರಿಂಗ್

ಹಗುರವಾಗಿ ಓಡುವ ಫ್ಯಾನ್‌ನಲ್ಲಿ ಕೊನೆಗೆ ಉಳಿಯುವ ಸದ್ದು ಬೇರಿಂಗ್‌ನದು. ಸ್ಲೀವ್ ಬೇರಿಂಗ್ ಅಗ್ಗ. ಹೊಸದರಲ್ಲಿ ಸದ್ದೂ ಇಲ್ಲ. ಎಣ್ಣೆ ಒಣಗಿದ ಮೇಲೆ ಕಿರ್ರ್ ಅನ್ನತೊಡಗುತ್ತದೆ. ಮೇಲ್ಛಾವಣಿಯಲ್ಲಿ ಅಡ್ಡ ಮಲಗಿಸಿ ಹಾಕಿದರೆ ಇನ್ನೂ ಬೇಗ ಸವೆಯುತ್ತದೆ. ಬಾಲ್ ಬೇರಿಂಗ್ ಬಿಸಿಗೂ ಸೈ, ಯಾವ ಕಡೆ ತಿರುಗಿಸಿ ಹಾಕಿದರೂ ಸೈ. ಆದರೆ ನಿಧಾನ ವೇಗದಲ್ಲಿ ಅದರ ಸಣ್ಣ ಗರಗರ ಕೇಳುತ್ತದೆ. ಹೆಚ್ಚಿನವರಿಗೆ ಫ್ಲೂಯಿಡ್ ಡೈನಾಮಿಕ್ ಬೇರಿಂಗ್ ಒಳ್ಳೆಯ ಆಯ್ಕೆ. ಅದರಲ್ಲಿ ದಂಡ ತೆಳು ಎಣ್ಣೆಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ.

1,50,000 ಗಂಟೆ ಬಾಳಿಕೆ ಎಂದು ಬರೆದಿದ್ದರೆ ಅದು ಹದಿನೇಳು ವರ್ಷ ಆಗುತ್ತದೆ. ಅಷ್ಟು ವರ್ಷ ಯಾರೂ ಕೂತು ಓಡಿಸಿ ನೋಡಿರುವುದಿಲ್ಲ, ಅದು ಲೆಕ್ಕ ಹಾಕಿದ ಅಂಕಿ. ನಾನು ಅದಕ್ಕಿಂತ ವಾರಂಟಿ ಎಷ್ಟು ವರ್ಷ ಅಂತ ನೋಡುತ್ತೇನೆ.

7. ವೇಗದ ಹಿಡಿತ: ಮೂರು ಪಿನ್, ನಾಲ್ಕು ಪಿನ್

ಮೂರು ಪಿನ್‌ನ ಫ್ಯಾನ್‌ನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಒಂದು ವೇಗ ತಿಳಿಸುವ ವೈರ್. ಆ ಮೂರನೆಯ ವೈರ್ ಪ್ರತಿ ಸುತ್ತಿಗೆ ಎರಡು ಸಲ ಮಿಡಿಯುತ್ತದೆ. ಮದರ್‌ಬೋರ್ಡ್ ಅದನ್ನು ಎಣಿಸಿ ಆರ್‌ಪಿಎಂ ತೋರಿಸುತ್ತದೆ. ಇಂಥ ಫ್ಯಾನ್‌ನ ವೇಗ ಇಳಿಸಬೇಕಾದರೆ ವೋಲ್ಟೇಜನ್ನೇ ಇಳಿಸಬೇಕು. 5 ವೋಲ್ಟ್ ಹತ್ತಿರ ಬಂದಾಗ ಕೆಲವು ಫ್ಯಾನ್‌ಗಳು ನಿಂತೇ ಹೋಗಬಹುದು. ಓಡುತ್ತಿರುವ ಫ್ಯಾನ್‌ಗೆ ಸಾಕಾಗುವ ವೋಲ್ಟೇಜ್, ನಿಂತ ಫ್ಯಾನನ್ನು ಎಬ್ಬಿಸಲು ಸಾಕಾಗುವುದಿಲ್ಲ. ಹಾಗಾಗಿ ತೀರ ಕೆಳಗಿನ ಮಟ್ಟಕ್ಕೆ ಇಟ್ಟು ಬಿಡಬೇಡಿ. ಕಂಪ್ಯೂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಫ್ಯಾನ್ ಏಳುತ್ತದಾ ನೋಡಿ.

ನಾಲ್ಕು ಪಿನ್‌ನ ಫ್ಯಾನ್‌ಗೆ 12 ವೋಲ್ಟ್ ಯಾವಾಗಲೂ ಪೂರ್ತಿ ಸಿಗುತ್ತದೆ. ನಾಲ್ಕನೆಯ ವೈರ್ ಮೂಲಕ ಪಿಡಬ್ಲ್ಯುಎಂ ಸಂಕೇತ ಬರುತ್ತದೆ. ಅಂದರೆ ಸೆಕೆಂಡಿಗೆ ಸಾವಿರಾರು ಸಲ ಆನ್, ಆಫ್. ಆನ್ ಇರುವ ಪಾಲು ಎಷ್ಟು ಎನ್ನುವುದರ ಮೇಲೆ ವೇಗ ನಿಲ್ಲುತ್ತದೆ. ಇಂಟೆಲ್ ಬರೆದ ನಿಯಮದಲ್ಲಿ ಈ ಸಂಕೇತ 25 ಕಿಲೊಹರ್ಟ್ಸ್ ಇರಬೇಕು ಅಂತಿದೆ. ಮನುಷ್ಯರ ಕಿವಿ ಕೇಳುವುದು ಸುಮಾರು 20 ಕಿಲೊಹರ್ಟ್ಸ್‌ವರೆಗೆ, ಆದ್ದರಿಂದ ಆ ಆನ್ ಆಫ್ ಸದ್ದು ನಮಗೆ ಕೇಳುವುದಿಲ್ಲ.

ನನ್ನ ಸಲಹೆ: ಹೊಸದಾಗಿ ಕೊಳ್ಳುವುದಾದರೆ ನಾಲ್ಕು ಪಿನ್. ಕೊಳ್ಳುವಾಗ ಗರಿಷ್ಠ ವೇಗದ ಜೊತೆ ಕನಿಷ್ಠ ವೇಗವನ್ನೂ ನೋಡಿ. ಆರ್ಕ್ಟಿಕ್‌ನ ಪಿ12 ಫ್ಯಾನ್ 200ರಿಂದ 1800 ಆರ್‌ಪಿಎಂವರೆಗೆ ಓಡುತ್ತದೆ. ಅಂಥ ಅಗಲವಾದ ವ್ಯಾಪ್ತಿ ಇದ್ದರೆ ಸುಮ್ನೆ ಬರೆಯುವಾಗ ಒಂದು ವೇಗ, ಗೇಮ್ ಆಡುವಾಗ ಇನ್ನೊಂದು ವೇಗ ಇಡಬಹುದು. ಕೆಲವು ಫ್ಯಾನ್‌ಗಳ ಕನಿಷ್ಠವೇ 800 ಅಥವಾ 900 ಇರುತ್ತದೆ. ಮೌನ ಬೇಕಾದವರಿಗೆ ಅವು ಆಗುವುದಿಲ್ಲ.

ಮದರ್‌ಬೋರ್ಡ್ ಮೇಲೆ ಫ್ಯಾನ್‌ನ ಪ್ಲಗ್ ಸಿಕ್ಕಿಸುವ ಜಾಗಕ್ಕೆ ಹೆಡರ್ ಅನ್ನುತ್ತಾರೆ. ಮೂರು ಪಿನ್‌ನ ಫ್ಯಾನನ್ನು ನಾಲ್ಕು ಪಿನ್‌ನ ಹೆಡರ್‌ಗೆ ಹಾಕಬಹುದು, ನಾಲ್ಕನೆಯ ಪಿನ್ ಖಾಲಿ ಉಳಿಯುತ್ತದೆ. ಆದರೆ ಆ ಹೆಡರ್ ಪಿಡಬ್ಲ್ಯುಎಂ ಮೋಡ್‌ನಲ್ಲಿದ್ದರೆ ಫ್ಯಾನ್ ಪೂರ್ತಿ ವೇಗದಲ್ಲೇ ಓಡುತ್ತದೆ. "ವೇಗ ಇಳಿಸಿದರೂ ಇಳೀತಿಲ್ಲ" ಅನ್ನುವ ದೂರಿಗೆ ಹೆಚ್ಚಾಗಿ ಕಾರಣ ಇದೇ. ಬಯಾಸ್‌ಗೆ, ಅಂದರೆ ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆಗೆ, ಹೋಗಿ ಆ ಹೆಡರನ್ನು ವೋಲ್ಟೇಜ್ ಇಳಿಸುವ ಡಿಸಿ ಮೋಡ್‌ಗೆ ಬದಲಿಸಿ. ಆಟೊ ಎಂದಿದ್ದರೂ ನಂಬಬೇಡಿ, ಅದು ಕೆಲವೊಮ್ಮೆ ತಪ್ಪು ಊಹಿಸುತ್ತದೆ. ವೈರ್‌ನ ಬಣ್ಣ ನೋಡಿ ಊಹಿಸುವುದೂ ಬೇಡ. ಹಳೆಯ ಮೂರು ಪಿನ್‌ನಲ್ಲಿ ಹಳದಿ ಅಂದರೆ ವೇಗ ತಿಳಿಸುವ ವೈರ್, ಇಂಟೆಲ್ ನಿಯಮದ ನಾಲ್ಕು ಪಿನ್‌ನಲ್ಲಿ ಹಳದಿ ಅಂದರೆ 12 ವೋಲ್ಟ್. ಈಗಂತೂ ಎಷ್ಟೋ ಫ್ಯಾನ್‌ಗಳಲ್ಲಿ ಎಲ್ಲ ವೈರ್‌ಗಳೂ ಕಪ್ಪು.

ಹೆಡರ್ ಕಡಿಮೆ ಇದ್ದರೆ ವೈ ಆಕಾರದ ಸ್ಪ್ಲಿಟರ್ ಹಾಕಬಹುದು. ಸಾಮಾನ್ಯವಾಗಿ ಒಂದು ಹೆಡರ್ ತಡೆಯುವುದು 1 ಆಂಪಿಯರ್. ಫ್ಯಾನ್‌ನ ನಡುವಿನ ಸ್ಟಿಕರ್‌ನಲ್ಲಿ ಅದು ಎಷ್ಟು ಎಳೆಯುತ್ತದೆ ಅಂತ ಬರೆದಿರುತ್ತದೆ. 0.2 ಇದ್ದರೆ ಮೂರು ಫ್ಯಾನ್ ಧಾರಾಳ. ಶುರುವಾಗುವ ಕ್ಷಣದಲ್ಲಿ ಜಾಸ್ತಿ ಎಳೆಯುವುದರಿಂದ ಪೂರ್ತಿ 1 ಆಂಪಿಯರ್ ತುಂಬಿಸಬೇಡಿ. ಅದಕ್ಕಿಂತ ಜಾಸ್ತಿ ಫ್ಯಾನ್ ಇದ್ದರೆ ಪವರ್ ಸಪ್ಲೈನಿಂದ ನೇರ ವಿದ್ಯುತ್ ತೆಗೆದುಕೊಳ್ಳುವ ಹಬ್ ಹಾಕಿ. ಸ್ಪ್ಲಿಟರ್‌ನಲ್ಲಾಗಲಿ ಹಬ್‌ನಲ್ಲಾಗಲಿ ಒಂದು ಫ್ಯಾನ್‌ನ ವೇಗ ಮಾತ್ರ ಪರದೆಯಲ್ಲಿ ಕಾಣುತ್ತದೆ. ಉಳಿದವು ನಿಂತುಹೋದರೂ ಮದರ್‌ಬೋರ್ಡ್‌ಗೆ ತಿಳಿಯುವುದಿಲ್ಲ, ಆಗಾಗ ಕಣ್ಣಲ್ಲೇ ನೋಡಬೇಕು.

ಬಣ್ಣದ ದೀಪದ ಫ್ಯಾನ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ದೀಪದ ಪ್ಲಗ್‌ನಲ್ಲಿ ಎರಡು ತರ ಇವೆ. ಎಆರ್‌ಜಿಬಿ ಅಂದರೆ 5 ವೋಲ್ಟ್, ಮೂರು ಪಿನ್. ಹಳೆಯ ಆರ್‌ಜಿಬಿ ಅಂದರೆ 12 ವೋಲ್ಟ್, ನಾಲ್ಕು ಪಿನ್. 5 ವೋಲ್ಟಿನ ದೀಪಕ್ಕೆ 12 ವೋಲ್ಟ್ ಕೊಟ್ಟರೆ ದೀಪ ಸುಟ್ಟೇ ಹೋಗುತ್ತದೆ.

8. ಯಾವ ಕಡೆ ಮುಖ ಮಾಡಿ ಹಾಕಬೇಕು

ಫ್ಯಾನ್‌ನ ಒಂದು ಬದಿ ತೆರೆದಿರುತ್ತದೆ. ಇನ್ನೊಂದು ಬದಿಯಲ್ಲಿ ಮೋಟಾರ್ ಹಿಡಿದಿರುವ ಕಡ್ಡಿಗಳಿರುತ್ತವೆ. ಗಾಳಿ ತೆರೆದ ಬದಿಯಿಂದ ಒಳಗೆ ಹೋಗಿ ಕಡ್ಡಿಗಳ ಬದಿಯಿಂದ ಹೊರಗೆ ಬರುತ್ತದೆ. ಕೆಲವು ಚೌಕಟ್ಟುಗಳ ಅಂಚಿನಲ್ಲಿ ಬಾಣದ ಗುರುತೂ ಇರುತ್ತದೆ. ರಿವರ್ಸ್ ರೆಕ್ಕೆಯ ಫ್ಯಾನ್‌ಗಳಲ್ಲಿ ಮಾತ್ರ ಇದು ಉಲ್ಟಾ, ಡಬ್ಬದ ಮೇಲೆ ಬರೆದಿರುತ್ತದೆ ನೋಡಿ.

ಮುಂದೆ ಮತ್ತು ಕೆಳಗೆ ಹಾಕಿದವು ಗಾಳಿ ಒಳಗೆ ತರಲಿ. ಹಿಂದೆ ಮತ್ತು ಮೇಲೆ ಹಾಕಿದವು ಹೊರಗೆ ಹಾಕಲಿ. ಮೇಲ್ಭಾಗದ ಮುಂದಿನ ಜಾಗದಲ್ಲಿ ಹೊರಹಾಕುವ ಫ್ಯಾನ್ ಇಡಬೇಡಿ. ಮುಂದಿನಿಂದ ಬಂದ ತಣ್ಣನೆಯ ಗಾಳಿ ಪ್ರೊಸೆಸರ್ ತಲುಪುವ ಮೊದಲೇ ಅದು ಎಳೆದು ಹೊರಗೆ ಹಾಕಿಬಿಡುತ್ತದೆ.

ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಧೂಳು ಕಡಿಮೆ. ಹೆಚ್ಚಿನ ಗಾಳಿ ಸಂದುಗಳಿಂದ ಹೊರಗೆ ನುಗ್ಗುತ್ತದೆ, ಧೂಳು ಅಲ್ಲಿಂದ ಒಳಗೆ ಬರಲಾಗುವುದಿಲ್ಲ. ಇದನ್ನು ಪರೀಕ್ಷಿಸಲು ಟಿಶ್ಯೂ ಕಾಗದವನ್ನು ಬೆರಳಗಲ ಹರಿದುಕೊಳ್ಳಿ. ಎರಡು ಪದರ ಇದ್ದರೆ ಬಿಡಿಸಿ ಒಂದೇ ಪದರ ಹಿಡಿಯಿರಿ. ಕಂಪ್ಯೂಟರ್ ಓಡುತ್ತಿರುವಾಗ ಆ ಪಟ್ಟಿಯನ್ನು ಹಿಂದುಗಡೆ ಗ್ರಾಫಿಕ್ಸ್ ಕಾರ್ಡ್‌ನ ಕೆಳಗಿನ ತೂತುಗಳ ಹತ್ತಿರ ಇಳಿಬಿಡಿ. ಪಟ್ಟಿಯ ತುದಿ ನಿಮ್ಮ ಕಡೆಗೆ ಹಾರಿದರೆ ಸರಿ. ತೂತಿಗೆ ಅಂಟಿಕೊಂಡರೆ ಕ್ಯಾಬಿನೆಟ್ ಅಲ್ಲಿಂದಲೂ ಗಾಳಿ ಎಳೆಯುತ್ತಿದೆ, ಧೂಳನ್ನೂ ಎಳೆಯುತ್ತಿದೆ. ಹೊರಹಾಕುವ ಫ್ಯಾನ್‌ನ ವೇಗವನ್ನು ನೂರು ನೂರು ಇಳಿಸುತ್ತಾ ಬನ್ನಿ. ಪಟ್ಟಿ ಮೊದಲು ಸುಮ್ಮನೆ ನೇತಾಡಿ, ಆಮೇಲೆ ಮೆಲ್ಲಗೆ ಹೊರಕ್ಕೆ ತೇಲುವುದು ಕಣ್ಣಿಗೇ ಕಾಣುತ್ತದೆ. ಬರೀ ಫ್ಯಾನ್ ಎಣಿಸಿದರೆ ಇದು ತಿಳಿಯುವುದಿಲ್ಲ, ಯಾಕೆಂದರೆ ಫಿಲ್ಟರ್ ಹಿಂದಿರುವ ಫ್ಯಾನ್ ಕೊಡುವ ಗಾಳಿ ಕಡಿಮೆ.

ಸ್ಕ್ರೂ ಬಿಗಿಯುವಾಗ ನಾಲ್ಕನ್ನೂ ಸಡಿಲವಾಗಿ ಹಾಕಿ, ಆಮೇಲೆ ಎದುರುಬದುರು ಮೂಲೆಗಳನ್ನು ಒಂದೊಂದಾಗಿ ಬಿಗಿಯಿರಿ. ರಬ್ಬರ್ ಪಿನ್ ಅಥವಾ ಮೂಲೆಯ ರಬ್ಬರ್ ಬಿಲ್ಲೆ ಕೊಟ್ಟಿದ್ದರೆ ಬಳಸಿ, ಫ್ಯಾನ್‌ನ ನಡುಕ ತಗಡಿಗೆ ಹೋಗುವುದಿಲ್ಲ.

9. ವೇಗದ ಗೆರೆ ಹಾಕುವುದು

ಎಷ್ಟು ಉಷ್ಣತೆಗೆ ಫ್ಯಾನ್ ಎಷ್ಟು ವೇಗದಲ್ಲಿ ಓಡಬೇಕು ಎಂದು ತಿಳಿಸುವುದೇ ವೇಗದ ಗೆರೆ. ಫ್ಯಾನ್ ಎಷ್ಟೇ ಒಳ್ಳೆಯದಿದ್ದರೂ ಬಯಾಸ್‌ನಲ್ಲಿ ಮೊದಲೇ ಇರುವ ಗೆರೆಯಲ್ಲಿ ಓಡಿದರೆ ಕಿರಿಕಿರಿಯೇ. ಪ್ರೊಸೆಸರ್‌ನ ಉಷ್ಣತೆ ಒಂದು ಬ್ರೌಸರ್ ತೆರೆದರೂ ಸೆಕೆಂಡಿನಲ್ಲಿ ಇಪ್ಪತ್ತು ಡಿಗ್ರಿ ಜಿಗಿದು ಇಳಿಯುತ್ತದೆ. ಕ್ಯಾಬಿನೆಟ್ ಫ್ಯಾನ್ ಅದನ್ನೇ ಹಿಂಬಾಲಿಸಿದರೆ ಸದ್ದು ಏರುತ್ತಾ ಇಳಿಯುತ್ತಾ ಇರುತ್ತದೆ. ಒಂದೇ ಮಟ್ಟದ ಸದ್ದಿಗಿಂತ ಹೀಗೆ ಬದಲಾಗುವ ಸದ್ದು ಜಾಸ್ತಿ ಕಾಡುತ್ತದೆ.

ಬಯಾಸ್‌ನಲ್ಲಿ ಫ್ಯಾನ್‌ಗೆ ಯಾವ ಉಷ್ಣತೆ ನೋಡಬೇಕು ಎಂದು ಆರಿಸುವ ಜಾಗ ಇರುತ್ತದೆ. ಕ್ಯಾಬಿನೆಟ್ ಫ್ಯಾನ್‌ಗೆ ಪ್ರೊಸೆಸರ್ ಬದಲು ಮದರ್‌ಬೋರ್ಡ್ ಉಷ್ಣತೆ ಕೊಡಿ, ಅದು ನಿಧಾನವಾಗಿ ಏರುತ್ತದೆ. ಗೇಮ್ ಆಡುವವರಿಗೆ ಗ್ರಾಫಿಕ್ಸ್ ಕಾರ್ಡ್‌ನ ಉಷ್ಣತೆಯೇ ಒಳ್ಳೆಯ ಸೂಚನೆ. ಬಯಾಸ್‌ಗೆ ಸಾಮಾನ್ಯವಾಗಿ ಅದು ಕಾಣುವುದಿಲ್ಲ, ಹಾಗಾಗಿ ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್‌ನಂಥ ತಂತ್ರಾಂಶ ಬಳಸಬೇಕು. ಪ್ರೊಸೆಸರ್ ಉಷ್ಣತೆಯನ್ನೇ ಬಳಸಬೇಕಾಗಿ ಬಂದರೆ ಸ್ಟೆಪ್ ಅಪ್, ಸ್ಟೆಪ್ ಡೌನ್ ಎಂಬ ತಡ ಮಾಡುವ ಆಯ್ಕೆಗಳನ್ನು ಹೆಚ್ಚಿಸಿ.

ಈಗ ಕಿವಿಯ ಕೆಲಸ. ಮನೆ ಶಾಂತವಾಗಿರುವ ಹೊತ್ತು ನೋಡಿಕೊಳ್ಳಿ. ಒಂದು ಫ್ಯಾನನ್ನು ಮಾತ್ರ 500ರಿಂದ ಶುರು ಮಾಡಿ, 50 ಆರ್‌ಪಿಎಂನಂತೆ ಏರಿಸುತ್ತಾ ಹೋಗಿ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಹೊತ್ತು ಕೇಳಿ. ಎಲ್ಲೋ ಒಂದು ಕಡೆ, 850 ಇರಬಹುದು, 1100 ಇರಬಹುದು, ಇದ್ದಕ್ಕಿದ್ದಂತೆ ಗುಂಯ್ ಅನ್ನುತ್ತದೆ. ಇನ್ನೂ ನೂರು ಏರಿಸಿದರೆ ಆ ಗುಂಯ್ ಕಡಿಮೆಯಾಗುತ್ತದೆ. ಆ ವೇಗದಲ್ಲಿ ಕ್ಯಾಬಿನೆಟ್‌ನ ತಗಡು ಫ್ಯಾನ್ ಜೊತೆ ಕಂಪಿಸುತ್ತಿದೆ. ಪಕ್ಕದ ಬಾಗಿಲಿನ ಮೇಲೆ ಅಂಗೈ ಒತ್ತಿ ನೋಡಿ. ಸದ್ದು ನಿಂತರೆ ಬಾಗಿಲಿನ ಅಂಚಿಗೆ ತೆಳು ಫೋಮ್ ಪಟ್ಟಿ ಅಂಟಿಸಿದರೆ ಸರಿಹೋಗುತ್ತದೆ. ನಿಲ್ಲದಿದ್ದರೆ ಆ ವೇಗವನ್ನು ಗೆರೆಯಲ್ಲಿ ಹಾರಿಸಿಬಿಡಿ: 800ರಲ್ಲಿ ಉದ್ದಕ್ಕೆ ನಿಂತಿರಲಿ, ಆಮೇಲೆ ಒಮ್ಮೆಗೇ 950ಕ್ಕೆ ಹೋಗಲಿ.

ನನ್ನ ಕಂಪ್ಯೂಟರ್‌ನಲ್ಲಿ ಗೆರೆ ಹೀಗಿದೆ. ಬರೆಯುವಾಗ, ಓದುವಾಗ ಎಲ್ಲ ಫ್ಯಾನ್‌ಗಳೂ 600 ಆಸುಪಾಸು. ಕೆಲಸ ಜಾಸ್ತಿಯಾದಾಗ ಒಂದು ನಿಮಿಷ ತಡೆದು 950. ಅದಕ್ಕಿಂತ ಮೇಲೆ ಹೋಗುವುದು ಗ್ರಾಫಿಕ್ಸ್ ಕಾರ್ಡ್ ನಿಜವಾಗಿ ಬಿಸಿಯಾದಾಗ ಮಾತ್ರ.

10. ಧೂಳು ತೆಗೆಯುವಾಗ

ಬ್ಲೋವರ್‌ನಿಂದ ಊದುವಾಗ ರೆಕ್ಕೆಯನ್ನು ಬೆರಳಿಂದ ಹಿಡಿದುಕೊಳ್ಳಿ, ಪ್ಲಗ್ ತೆಗೆದಿಡಿ. ಜೋರು ಗಾಳಿಗೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್‌ಗೆ ಪೆಟ್ಟು. ಮೇಲಾಗಿ ಹಾಗೆ ತಿರುಗುವ ಮೋಟಾರ್ ತಾನೇ ವಿದ್ಯುತ್ ಹುಟ್ಟಿಸಿ ಹೆಡರ್‌ಗೆ ಕಳಿಸಬಹುದು.

ಮೊದಲ ದಿನ ಎಲ್ಲ ಸರಿಮಾಡಿದ ಮೇಲೆ ಒಂದು ಚೀಟಿಯಲ್ಲಿ ನಾಲ್ಕು ಅಂಕಿ ಬರೆದು ಪಕ್ಕದ ಬಾಗಿಲಿನ ಒಳಗೆ ಅಂಟಿಸಿ: ಕೋಣೆಯ ಉಷ್ಣತೆ, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಫ್ಯಾನ್ ವೇಗ. ಆರು ತಿಂಗಳ ಮೇಲೆ ಅದೇ ಕೋಣೆ, ಅದೇ ಕೆಲಸ, ಅದೇ ವೇಗ ಇದ್ದೂ ಒಳಗೆ ಐದು ಡಿಗ್ರಿ ಜಾಸ್ತಿ ಕಂಡರೆ ಮೊದಲು ಫಿಲ್ಟರ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಆಚೆ ಕಾಣದಿದ್ದರೆ ತೊಳೆಯುವ ಹೊತ್ತಾಗಿದೆ.